ಖಂಡೇಪೂಜೆಗೆ ಇಟ್ಟ ಡಿಸ್ಕು

ಬನಹಟ್ಟಿಯ ನೇಕಾರರ ಸಂಘದ ಕಂಪ್ಯೂಟರ್ ಕೋಣೆಯಲ್ಲಿ ಕೂತರೆ ಕುರ್ಚಿ ತಾನಾಗಿಯೇ ನಡುಗುತ್ತದೆ. ಗೋಡೆಯಾಚೆ ಪವರ್‌ಲೂಮುಗಳು. ಬೆಳಗಿನಿಂದ ಸಂಜೆಯ ತನಕ ಖಟಕ್ ಖಟಕ್ ಎಂದು ಹೊಡೆದುಕೊಳ್ಳುತ್ತಲೇ ಇರುತ್ತವೆ. ಮೇಜಿನ ಮೇಲೆ ಚಹಾದ ಕಪ್ಪು ಇಟ್ಟು ಮರೆತರೆ ಅದು ಮೆಲ್ಲಗೆ ಅಂಚಿನ ಕಡೆಗೆ ಸರಿಯುತ್ತದೆ. ಹೊಸದಾಗಿ ಬಂದವರು ಅದನ್ನು ನೋಡಿ ನಗುತ್ತಾರೆ. ನನಗೆ ನಗು ಬರುತ್ತಿರಲಿಲ್ಲ. ಅಲ್ಲಿಯ ಸರ್ವರಿನ ಉಸ್ತುವಾರಿ ನನ್ನದಾಗಿತ್ತು, ಆ ನಡುಕಕ್ಕೆ ಮೊದಲು ಸಡಿಲಾಗುತ್ತಿದ್ದದ್ದು ಅದರೊಳಗಿನ ಡಿಸ್ಕುಗಳು.

ನಾನಿರುವುದು ಜಮಖಂಡಿಯಲ್ಲಿ. ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ. ತಿಂಗಳಿಗೆ ಎರಡು ಸಲ ಬಸ್ಸು ಹತ್ತಿ ಬನಹಟ್ಟಿಗೆ ಹೋಗಿ ಸಂಘದ ಯಂತ್ರಗಳನ್ನು ನೋಡಿ ಬರುತ್ತಿದ್ದೆ. ಅವರ ಹಳೆಯ ಕಂಪ್ಯೂಟರುಗಳಿಗೆ ವೈರಸ್ ಹತ್ತಿ ಹತ್ತಿ ಸಾಕಾಗಿ, ನಾನೇ ಒಂದು ಸರ್ವರು ಕಟ್ಟಿ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದೆ. ಎರಡು ಡಿಸ್ಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಬರೆಯಲ್ಪಡಬೇಕು, ಕನ್ನಡಿ ಹಿಡಿದಂತೆ. ಒಂದು ಸತ್ತರೂ ಇನ್ನೊಂದು ಒಂಟಿಯಾಗಿ ಎದ್ದು ನಿಂತು ಕೆಲಸ ನಡೆಸಬೇಕು. ಹಾಗೆ ಮಾಡಿ ತೋರಿಸಿ ಸಂಘದವರ ಮುಂದೆ ಎದೆ ತಟ್ಟಿಕೊಂಡಿದ್ದೆ. ನನಗೆ ಸಿಟ್ಟು ಎಷ್ಟು ಬೇಗ ಬರುತ್ತದೋ ಜಂಬವೂ ಅಷ್ಟೇ ಬೇಗ ಬರುತ್ತದೆ, ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ಆ ಸರ್ವರಿನಲ್ಲಿ ಇದ್ದದ್ದು ಸೀರೆಯ ನಕ್ಷೆಗಳು. ಅಂಚಿಗೆ ಇಲ್ಲಿ ದಡಿ ಎನ್ನುತ್ತಾರೆ. ದಡಿಯ ಮೇಲೆ ಬರುವ ಬಳ್ಳಿ, ತೆನೆ, ಕೊಂಡಿ ಎಲ್ಲವನ್ನೂ ಮೊದಲು ಚೌಕುಳಿ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ಬರೆಯಬೇಕು. ಆ ಚೌಕಕ್ಕೆ ನೇಕಾರರು ಮನಿ ಎನ್ನುತ್ತಾರೆ. ತುಂಬಿದ ಮನೆಗೆ ಒಂದು ತೂತು, ಬಿಟ್ಟ ಮನೆಗೆ ತೂತಿಲ್ಲ, ಹಾಗೆ ರಟ್ಟಿನ ಕಾರ್ಡು ಕೊರೆದು ಮಗ್ಗದ ಮೇಲೆ ಏರಿಸಿದರೆ ಸೀರೆಯಲ್ಲಿ ಬಳ್ಳಿ ಏಳುತ್ತದೆ. ಸಂಘಕ್ಕೆ ಈ ನಕ್ಷೆ ಬರೆದುಕೊಡುತ್ತಿದ್ದವರು ಪಕ್ಕದೂರು ರಬಕವಿಯ ಒಬ್ಬ ಮುದುಕರು. ನನಗೆ ಬಂಧುವಲ್ಲ, ಆದರೂ ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ.

ಆ ವರ್ಷ ಯುಗಾದಿಗೆ ಮುಂಚೆ ಕಾಕಾ ಮುಧೋಳಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಕಣ್ಣಿನ ಒಳಗಿನ ನರ ಒಣಗುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ, ಇದ್ದದ್ದೂ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಾಳೆಯ ಮೇಲಿನ ಚೌಕಗಳು ಆಗಲೇ ಒಂದಕ್ಕೊಂದು ಕಲಸಿ ಕಾಣುತ್ತಿದ್ದವು. ನಾನು ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಪರದೆಯ ಮೇಲೆ ಚೌಕಗಳನ್ನು ದೊಡ್ಡದಾಗಿಸಿ, ಕೈಗೆ ಮೌಸ್ ಕೊಟ್ಟೆ.

"ತಂಗಿ, ಈ ಮನಿ ಇನ್ನೂ ದೊಡ್ಡವು ಮಾಡಾಕ ಬರ್ತೈತೇನು?" ಎಂದರು.

"ಬರ್ತೈತ್ರಿ ಕಾಕಾ. ಬೇಕಂದ್ರ ಗ್ವಾಡಿಯಷ್ಟ ದೊಡ್ಡವು ಮಾಡಿ ಕೊಡತೀನಿ."

"ಗ್ವಾಡಿ ಬ್ಯಾಡ. ಗ್ವಾಡಿನೂ ನನಗ ಈಗ ಅರ್ಧಾನ ಕಾಣತೈತಿ," ಎಂದು ನಕ್ಕರು.

ಮೊದಲ ಎರಡು ವಾರ ಮೌಸಿಗೆ ಅವರು ಬೈದ ಬೈಗುಳ ಕೇಳಿ ಪಕ್ಕದ ಮಗ್ಗದವರು ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು. ಆಮೇಲೆ ಕೈ ಕೂತಿತು. ಕೂತ ಮೇಲೆ ಅವರು ಸಂಘದ ಕೆಲಸವನ್ನು ಬದಿಗಿಟ್ಟು ಒಂದು ಬೇರೆಯೇ ಕೆಲಸ ಹಿಡಿದರು. ಅವರ ಅಪ್ಪ ಕೈಮಗ್ಗದ ಕಾಲದಲ್ಲಿ ನೇಯುತ್ತಿದ್ದ ದಡಿಗಳು ಎಲ್ಲಿಯೂ ಬರೆದಿಟ್ಟವಲ್ಲ. ದಾರ ಕಟ್ಟಿ ಕಟ್ಟಿ ಮಗ್ಗದ ಮೇಲೆಯೇ ಕೂಡಿಸಿದವು. ಆ ಮಗ್ಗ ಹೋಯಿತು, ಸೀರೆಗಳು ಹರಿದು, ತುಂಡುಗಳನ್ನು ಪದರವಾಗಿ ಹೊಲಿದ ಕೌದಿಯಾದವು, ಕೌದಿಗಳೂ ಹೋದವು. ಉಳಿದದ್ದು ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಯ ಅಂಚಿಗೆ ಕೂತು ನೋಡುತ್ತಿದ್ದ ಮಗನ ಕಣ್ಣಲ್ಲಿ ಮಾತ್ರ. ಆ ಕಣ್ಣು ಆರುವುದರೊಳಗೆ ಅವನ್ನು ಬರೆದು ಮುಗಿಸಬೇಕು ಎಂದು ಕಾಕಾ ಹಠ ತೊಟ್ಟಿದ್ದರು. ಯುಗಾದಿಯಿಂದ ಮಹಾನವಮಿಯ ತನಕ, ಆರು ತಿಂಗಳಲ್ಲಿ, ಹದಿನೇಳು ದಡಿ ಬರೆದರು. ಕೊನೆಯದನ್ನು ಮುಗಿಸುವಾಗ ಮೂಗು ಪರದೆಗೆ ತಾಗುತ್ತಿತ್ತು. ಒಂದೊಂದು ಮನೆಯೂ ಅಂಗೈಯಷ್ಟು ದೊಡ್ಡದಿರಬೇಕಾಗಿತ್ತು. ಹಾಳೆಯ ಮೇಲೆ ಒಂದೂ ಇರಲಿಲ್ಲ. ಅವರ ಮುಂದಿನ ಕಂಪ್ಯೂಟರಿನಲ್ಲೂ ಏನೂ ಉಳಿಯುತ್ತಿರಲಿಲ್ಲ, ಎಲ್ಲ ನೇರ ಸರ್ವರಿಗೆ ಹೋಗುತ್ತಿತ್ತು. ದೀಪಾವಳಿ ಕಳೆದ ಮೇಲೆ ಕಾರ್ಡು ಕೊರೆಸಿ ನೇಯಿಸೋಣ ಎಂದು ಸಂಘದ ಕಾರ್ಯದರ್ಶಿಗಳು ಹೇಳಿದ್ದರು.

ಇಲ್ಲಿಂದ ಮುಂದಿನದನ್ನು ಹೇಳುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ಆದರೂ ಆದ ಹಾಗೆಯೇ ಹೇಳುತ್ತೇನೆ.

ಯುಗಾದಿಯ ಮರುವಾರವೇ ಎರಡು ಡಿಸ್ಕಿನಲ್ಲಿ ಒಂದು ಬಿಟ್ಟುಹೋಗಿತ್ತು. ಅದರ ಮುಂದಿನ ದೀಪ ಆರಿತ್ತು. ನಾನು ನೋಡಿದ್ದೆ. ಗೂಡಿನಿಂದ ತೆಗೆದೂ ನೋಡದೆ, ಡಿಸ್ಕು ಸತ್ತಿದೆ, ಹೊಸದು ತರಿಸಬೇಕು ಎಂದುಕೊಂಡೆ, ಇವತ್ತು ನಾಳೆ ಎಂದು ಮುಂದೂಡಿದೆ. ಬೇರೊಂದು ಪ್ರತಿ ಮಾಡಿ ನನ್ನ ಮನೆಯಲ್ಲಿಟ್ಟುಕೊಂಡಿದ್ದೆನಲ್ಲ, ಅದೂ ಯುಗಾದಿಯ ದಿನದ್ದೇ. ಆಮೇಲೆ ಮಾಡಿರಲಿಲ್ಲ. ಕ್ಲಾಸಿನ ಪರೀಕ್ಷೆ, ಅತ್ತೆಯ ಮೊಣಕಾಲು, ಮಳೆಗಾಲ, ಹೀಗೆ ನೆಪಕ್ಕೇನು ಬರವೇ. ಕಾರ್ಯದರ್ಶಿಗಳನ್ನು ಕರೆದು ಇಷ್ಟು ಮಾತ್ರ ಹೇಳಿದೆ:

"ನೋಡ್ರಿ, ಇದು ಸತ್ತೈತಿ. ಹಸರ ದೀಪ ಬಡಕೊಳ್ಳಾಕತ್ತೇತಲ್ಲ, ಇದರಾಗ ಕಾಕಾರ ನಕ್ಷಿ ಎಲ್ಲಾ ಅದಾವು. ಇದನ್ನ ಜೋಪಾನ ಮಾಡ್ರಿ."

"ಆತ್ರಿ ಮೇಡಮ್ಮರ, ಕಣ್ಣಾಗ ಎಣ್ಣಿ ಬಿಟಗೊಂಡು ಕಾಯ್ತೀನಿ," ಎಂದರು. ಅವರು ಆಡಿದ ಮಾತು ನಡೆಸುವ ಮನುಷ್ಯ. ಆದದ್ದೆಲ್ಲ ಅದರಿಂದಲೇ ಆಯಿತು.

ನಮ್ಮ ಕಡೆ ಮಹಾನವಮಿಗೆ ಖಂಡೇಪೂಜೆ. ಯಾರ ಕೈಗೆ ಯಾವುದು ಅನ್ನ ಹಾಕುತ್ತದೋ ಅದನ್ನು ತೊಳೆದು, ಒರೆಸಿ, ವಿಭೂತಿ ಹಚ್ಚಿ ಪೂಜೆಗೆ ಇಡುತ್ತಾರೆ. ಕುಡಗೋಲು, ತಕ್ಕಡಿ, ಕತ್ತರಿ, ಲಾಳಿ. ಮಗ್ಗವನ್ನು ಎತ್ತಿಡಲು ಬರುವುದಿಲ್ಲವಾದ್ದರಿಂದ ಅದರ ಲಾಳಿಯನ್ನು ತೆಗೆದು ಇಡುತ್ತಾರೆ. ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಅಲುಗಿಸುವ ಹಾಗಿಲ್ಲ. ಪೂಜೆಯಾದ ಮೇಲೆ ಯಂತ್ರವನ್ನು ಒಮ್ಮೆ ನಡೆಸಿ ಬಿಡಬೇಕು, ಅದೂ ಪದ್ಧತಿ.

ಕಾರ್ಯದರ್ಶಿಗಳು ಅಂದು ಸರ್ವರನ್ನು ಬಂದ್ ಮಾಡಿ, ಎರಡೂ ಡಿಸ್ಕನ್ನು ಹೊರಗೆ ಎಳೆದು, ಧೂಳು ಒರೆಸಿದರು. ಸತ್ತದ್ದೆಂದು ನಾನು ಹೇಳಿದ್ದನ್ನು ಮರಳಿ ಅದರ ಗೂಡಿಗೆ ಗಟ್ಟಿಯಾಗಿ ತಳ್ಳಿದರು. ಜೀವಂತ ಎಂದು ಹೇಳಿದ್ದನ್ನು ಲಾಳಿಗಳ ಸಾಲಿನಲ್ಲಿ, ಜೋಳದ ರಾಶಿಯ ಮೇಲೆ, ವಿಭೂತಿ ಹಚ್ಚಿ ಪೂಜೆಗೆ ಇಟ್ಟರು. ಸತ್ತದ್ದಕ್ಕೆ ಯಾರು ಪೂಜೆ ಮಾಡುತ್ತಾರೆ? ಸಂಜೆ ಪದ್ಧತಿಯಂತೆ ಸರ್ವರನ್ನು ಒಮ್ಮೆ ಚಾಲೂ ಮಾಡಿದರು. ಚಾಲೂ ಆಯಿತು. ಹಾಗೇ ಬಿಟ್ಟರು.

ಆ ಡಿಸ್ಕು ಸತ್ತಿರಲೇ ಇಲ್ಲ. ಮಗ್ಗದ ನಡುಕಕ್ಕೆ ಗೂಡಿನಲ್ಲಿ ಸಡಿಲಾಗಿ, ಸಂಪರ್ಕ ತಪ್ಪಿ, ಆರು ತಿಂಗಳಿಂದ ಯುಗಾದಿಯ ಹೊತ್ತಿನ ನೆನಪು ಹೊತ್ತು ಸುಮ್ಮನೆ ಕೂತಿತ್ತು. ಒರೆಸಿ ಗಟ್ಟಿಯಾಗಿ ತಳ್ಳಿದ ಕೂಡಲೇ ಅದಕ್ಕೆ ಎಚ್ಚರವಾಯಿತು. ಜೊತೆಯದು ಕಾಣಿಸಲಿಲ್ಲ, ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ತಾನೇ ಯಜಮಾನನೆಂದು ಎದ್ದು ನಿಂತಿತು. ಒಂಟಿಯಾಗಿ ಎದ್ದು ನಿಲ್ಲಲಿ ಎಂದು ಅದಕ್ಕೆ ಕಲಿಸಿದವಳು ನಾನೇ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ.

ದಶಮಿಯ ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳ ಫೋನು ಬಂತು.

"ಮೇಡಮ್ಮರ, ಕಂಪ್ಯೂಟರ್ ಭಾಳ ಹಗೂರಕ ನಡಿಯಾಕತ್ತೇತ್ರಿ. ಕಾಕಾರ ಹೊಸಾ ನಕ್ಷಿ ಒಂದೂ ಕಾಣಾಕತ್ತಿಲ್ಲ."

"ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ. ಬಂದೆ," ಎಂದೆ. ಪೂಜೆಯ ಮಾತು ಅವರು ಹೇಳಲಿಲ್ಲ. ಅದರಲ್ಲಿ ಹೇಳುವಂಥದ್ದೇನಿದೆ? ವರ್ಷವೂ ಮಾಡುವುದೇ. ನಾನೂ ಕೇಳಲಿಲ್ಲ.

ನಾನು ಕೋಣೆಗೆ ಹೋಗುವಾಗ ಹತ್ತು ಗಂಟೆ. ಸರ್ವರಿದ್ದ ಕಬ್ಬಿಣದ ಕಪಾಟಿಗೆ ಚೆಂಡುಹೂವಿನ ಮಾಲೆ ಹಾಕಿ, ಬಾಗಿಲ ಮೇಲೆ ವಿಭೂತಿಯ ಮೂರು ಗೆರೆ ಎಳೆದಿದ್ದರು. ಹೂವು ಕೆಡಿಸುವುದು ಬೇಡವೆಂದು ಬಾಗಿಲು ತೆರೆಯಲಿಲ್ಲ. ಪರದೆಯ ಮುಂದೆ ಕೂತೆ.

ಸರ್ವರಿನಲ್ಲಿ ಒಂದು ಫೈಲು ನೇರವಾಗಿ ಡಿಸ್ಕಿನ ಮೇಲೆ ಕೂತಿರುವುದಿಲ್ಲ. ನಮ್ಮ ಕಡೆಯ ಕೌದಿಯ ಹಾಗೆ ಒಂದರ ಕೆಳಗೆ ಒಂದು ಪದರ. ಮೇಲೆ ಪ್ರೋಗ್ರಾಮು, ಅದರ ಕೆಳಗೆ ಫೈಲುಗಳ ವ್ಯವಸ್ಥೆ, ಅದರ ಕೆಳಗೆ ಜಾಗವನ್ನು ಪಾಲು ಮಾಡಿ ಹಂಚುವ ಪದರ, ಅದರ ಕೆಳಗೆ ಕನ್ನಡಿ, ಎಲ್ಲದರ ತಳದಲ್ಲಿ ಡಿಸ್ಕು. ಓದುವುದಾಗಲಿ ಬರೆಯುವುದಾಗಲಿ ಮೇಲಿನಿಂದ ಕೆಳಕ್ಕೆ ಸೂಜಿಯ ದಾರದಂತೆ ಎಲ್ಲ ಪದರ ದಾಟಿ ಇಳಿಯಬೇಕು. ಎಲ್ಲಿ ತೊಡಕಾಗಿದೆ ಎಂದು ತಿಳಿಯಬೇಕಾದರೆ ಆ ದಾರವನ್ನು ಹಿಡಿದು ಪದರ ಪದರವಾಗಿ ಇಳಿಯಬೇಕು. ಕ್ಲಾಸಿನಲ್ಲಿ ಹುಡುಗಿಯರಿಗೆ ನಾನೇ ಹೇಳಿಕೊಡುತ್ತೇನೆ: ಅವಸರ ಬೇಡ, ಮೇಲಿನಿಂದ ಶುರು ಮಾಡಿ, ಒಂದು ಪದರವನ್ನೂ ಬಿಡಬೇಡಿ.

ಮೇಲಿನಿಂದಲೇ ಶುರು ಮಾಡಿದೆ. ಯಾವ ಪ್ರೋಗ್ರಾಮು ಡಿಸ್ಕಿಗೆ ಬರೆಯುತ್ತಿದೆ ಎಂಬ ಪಟ್ಟಿ ತೆಗೆದೆ. ಯಾವುದೂ ಇಲ್ಲ. ಆದರೂ ಸರ್ವರು ಉಸಿರು ಕಟ್ಟಿದಂತೆ ಏದುತ್ತಿತ್ತು, ಒಂದು ಫೋಲ್ಡರು ತೆರೆಯಲು ಅರ್ಧ ನಿಮಿಷ. ನಕ್ಷೆಗಳ ಫೋಲ್ಡರಿನಲ್ಲಿ ಕೊನೆಯ ಫೈಲಿನ ತಾರೀಖು ಯುಗಾದಿಯ ಆಸುಪಾಸಿನದು. ಯಾರೋ ತಪ್ಪಿ ಬೇರೆ ಫೋಲ್ಡರು ತೆರೆದಿರಬೇಕು ಎಂದುಕೊಂಡೆ. ಕಾರ್ಯದರ್ಶಿಗಳು ಚಹಾ ತರಿಸಿದರು. ಕುಡಿದೆ. ಹಬ್ಬದ ಕರ್ಚಿಕಾಯಿ ಕೊಟ್ಟರು, ತಿಂದೆ. ಆಗ ಹತ್ತೂವರೆಯಾಗಿತ್ತು. ಆ ಕರ್ಚಿಕಾಯಿಯ ರುಚಿ ಇವತ್ತಿಗೂ ಬಾಯಲ್ಲಿದೆ, ಬೇಡವೆಂದರೂ ಹೋಗುವುದಿಲ್ಲ.

ಎರಡನೆಯ ಪದರದಲ್ಲಿ ತಪ್ಪೇನೂ ಕಾಣಲಿಲ್ಲ. ಫೋಲ್ಡರು ಸರಿಯಾದದ್ದೇ. ಮೂರನೆಯದಕ್ಕೆ ಇಳಿದೆ. ನಕ್ಷೆಗಳಿಗೆಂದು ಕತ್ತರಿಸಿ ಕೊಟ್ಟ ಪಾಲಿನ ಮೇಲೆ ಬೇಹು ಇಟ್ಟು, ಅಲ್ಲಿಗೆ ಬರುವ ಒಂದೊಂದು ಓದು, ಒಂದೊಂದು ಬರಹ, ಯಾವ ಸ್ಥಳದಿಂದ ಕೆಳಗಿನ ಯಾವ ಸ್ಥಳಕ್ಕೆ ಹೋಗುತ್ತಿದೆ ಎಂದು ಸಾಲು ಸಾಲಾಗಿ ಬರೆಸಿಕೊಂಡೆ. ನಿಮಿಷಕ್ಕೆ ನಾಲ್ಕೋ ಐದೋ ಸಾಲು. ಅಂದರೆ ಇಲ್ಲಿಂದ ಯಾರೂ ಇಳಿಯುತ್ತಿಲ್ಲ. ತೊಡಕು ಇದಕ್ಕಿಂತ ಕೆಳಗಿದೆ. ಖುಷಿಯೂ ಆಯಿತು ಎಂದರೆ ನಂಬುತ್ತೀರಾ? ಹಿಡಿದ ದಾರ ಸಿಗುತ್ತಿದೆಯೆಂಬ ಖುಷಿ.

ಮುಂದಿನ ಪದರ ಕನ್ನಡಿಯದು. ಅದನ್ನು ಬಿಟ್ಟುಬಿಟ್ಟೆ. ಒಂದು ಡಿಸ್ಕು ಸತ್ತಿದೆ ಎಂದು ನನಗೆ ಗೊತ್ತಿತ್ತಲ್ಲ, ಎದುರಿಗೆ ಮುಖವೇ ಇಲ್ಲದ ಕನ್ನಡಿಗೆ ಏನು ಕೆಲಸ? ಒಂದು ಪದರವನ್ನೂ ಬಿಡಬೇಡಿ ಎಂದು ಪಾಠ ಹೇಳುವವಳು ನೋಡಲೇಬೇಕಾಗಿದ್ದ ಒಂದನ್ನೇ ಬಿಟ್ಟಳು. ನೇರ ತಳಕ್ಕೆ ಹೋಗಿ ಡಿಸ್ಕಿನ ಲೆಕ್ಕ ತೆಗೆದೆ.

ಪರದೆಯ ಮೇಲೆ ಎರಡು ಸಾಲು ಬಂದವು. ಒಂದು ಡಿಸ್ಕು ಒಂದೇ ಸಮನೆ ಓದುತ್ತಿತ್ತು. ಇನ್ನೊಂದು ಒಂದೇ ಸಮನೆ ಬರೆಯುತ್ತಿತ್ತು. ಎರಡರ ವೇಗವೂ ಒಂದೇ.

ಎರಡು ಯಾಕಿವೆ ಎಂದು ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಎದ್ದು ಕಪಾಟಿನ ಬಾಗಿಲು ಎಳೆದೆ, ಮಾಲೆ ಹರಿದು ಬಿತ್ತು. ಒಳಗೆ ಎರಡೂ ಹಸಿರು ದೀಪ ಪಟಪಟ ಬಡಿದುಕೊಳ್ಳುತ್ತಿದ್ದವು. ಒಂದರ ಮುಖದ ಮೇಲೆ ಒಣಗಿದ ವಿಭೂತಿ, ಸಂದಿಯಲ್ಲಿ ಎರಡು ಜೋಳದ ಕಾಳು.

"ಇದನ್ನ ಯಾರು ತಗದಿದ್ರು?"

"ನಾನರಿ. ಪೂಜಿಗೆ ಇಟ್ಟಿದ್ದೆ. ಮುಂಜಾನೆ ಒಂಬತ್ತಕ್ಕ ಮತ್ತ ಇಟ್ಟೇನಿ," ಎಂದರು ಕಾರ್ಯದರ್ಶಿಗಳು.

ವಿಭೂತಿಯ ಡಿಸ್ಕನ್ನು ಕಿತ್ತು ಹೊರಗೆ ಎಳೆದೆ. ಆಗ ಹನ್ನೊಂದು ದಾಟಿತ್ತು. ಬಿಟ್ಟಿದ್ದ ಪದರವನ್ನು ಆಮೇಲೆ ತೆರೆದು ನೋಡಿದೆ. ಒಂಬತ್ತು ಗಂಟೆಯಿಂದ ಕನ್ನಡಿ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತಿತ್ತು, ಯುಗಾದಿಯ ಡಿಸ್ಕಿನಿಂದ ಓದಿ ಮಹಾನವಮಿಯ ಡಿಸ್ಕಿನ ಮೇಲೆ ಬರೆಯುತ್ತ, ಮೊದಲ ಅಂಗುಲದಿಂದ ಕೊನೆಯ ಅಂಗುಲದ ಕಡೆಗೆ. ನಾಲ್ಕರಲ್ಲಿ ಮೂರು ಪಾಲು ಮುಗಿದಿತ್ತು. ಕಾಕಾರ ನಕ್ಷೆಗಳ ಜಾಗ ಎಲ್ಲಿತ್ತು ಎಂದು ಹಳೆಯ ಲಕೋಟೆಯ ಬೆನ್ನ ಮೇಲೆ ಲೆಕ್ಕ ಹಾಕಿದೆ. ಡಿಸ್ಕಿನ ನಡುವಿನಿಂದ ಶುರುವಾಗಿ ಮೂರರಲ್ಲಿ ಎರಡು ಪಾಲಿಗೆ ಮುಗಿಯುತ್ತಿತ್ತು. ನಾನು ಬಂದು ಕೂತಾಗ ಹದಿನೇಳು ದಡಿಯೂ ಇದ್ದವು. ನಾನು ಕರ್ಚಿಕಾಯಿ ತಿನ್ನುವಾಗ ಹೋಗಲು ಶುರುವಾದವು. ಮೂರನೆಯ ಪದರದ ಸಾಲುಗಳನ್ನು ಎಣಿಸುವಾಗ ಪೂರ್ತಿ ಹೋಗಿದ್ದವು. ಬಂದವಳೇ ಆ ಬಾಗಿಲು ತೆರೆದಿದ್ದರೆ ಸಾಕಿತ್ತು.

ಸಿಟ್ಟು ನೆತ್ತಿಗೇರಿತು. ಕಾರ್ಯದರ್ಶಿಗಳಿಗೆ ಬಾಯಿಗೆ ಬಂದಂತೆ ಅಂದೆ. ಡಿಸ್ಕಿಗೆ ಯಾರಾದರೂ ವಿಭೂತಿ ಹಚ್ಚುತ್ತಾರೇನು, ತಲೆಯಲ್ಲಿ ಮೆದುಳಿದೆಯೋ ಲದ್ದಿಯೋ, ಮುದುಕನ ಕಣ್ಣು ಕಿತ್ತಿರಿ ಎಂದೆಲ್ಲ ಕೂಗಿದೆ. ಮಗ್ಗದವರು ಬಂದು ನಿಂತರು. ಕಾರ್ಯದರ್ಶಿಗಳು ತಲೆ ತಗ್ಗಿಸಿ ಕೇಳಿಸಿಕೊಂಡರು. ನನ್ನ ಕೂಗು ನಿಂತ ಮೇಲೆ ಮೆಲ್ಲಗೆ ಅಂದರು:

"ನೀವ ಅಂದಿದ್ರಲ್ಲರಿ, ಇದರಾಗ ಕಾಕಾರ ನಕ್ಷಿ ಅದಾವು, ಜೋಪಾನ ಮಾಡ್ರಿ ಅಂತ. ಅದಕ್ಕ ಅದನ್ನ ದೇವರ ಮುಂದ ಇಟ್ಟೆ."

ಇನ್ನೂ ಒಂದು ಸಂಗತಿ ನನಗೆ ಆಗ ನೆನಪಾಗಿತ್ತು, ಅದು ಅವರಿಗೆ ಗೊತ್ತಿರಲಿಲ್ಲ.

ಡಿಸ್ಕುಗಳು ಮೊದಲೂ ನಡುಕಕ್ಕೆ ಆಗಾಗ ಬಿಟ್ಟುಹೋಗುತ್ತಿದ್ದವು. ಪ್ರತಿ ಸಲ ಜಮಖಂಡಿಯಿಂದ ಬಂದು ಮತ್ತೆ ಸೇರಿಸುವುದು ನನಗೆ ಬೇಸರವಾಗಿತ್ತು. ಬಿಟ್ಟುಹೋದ ಡಿಸ್ಕು ಮರಳಿ ಬಂದರೆ ತಾನೇ ಸೇರಿಸಿಕೊ ಎಂದು ಒಂದು ಸಣ್ಣ ಪ್ರೋಗ್ರಾಮು ಬರೆದು ಒಳಗಿಟ್ಟಿದ್ದೆ. ಯಂತ್ರ ಅದಕ್ಕೆ ಒಪ್ಪಿರಲಿಲ್ಲ. ಈ ಡಿಸ್ಕಿನ ಮೇಲೆ ಹಳೆಯ ಗುರುತು ಇದೆ, ಇದು ತಾನೂ ಯಜಮಾನನೆಂದು ಹೇಳುತ್ತಿದೆ, ಸೇರಿಸಿದರೆ ಇದರಲ್ಲಿದ್ದದ್ದು ಹೋದೀತು, ಬೇಕೇ ಬೇಕಾದರೆ ಗುರುತನ್ನು ನೀನೇ ಅಳಿಸು ಎಂದು ಎಚ್ಚರಿಸಿತ್ತು. ಕಂಪ್ಯೂಟರು ನನಗೆ ಬುದ್ಧಿ ಹೇಳುವುದೇ ಎಂದು ಗುರುತು ಅಳಿಸುವ ಒಂದು ಸಾಲನ್ನೂ ಸೇರಿಸಿಬಿಟ್ಟಿದ್ದೆ. ಅಂದು ಒಂಬತ್ತು ಗಂಟೆಗೆ ವಿಭೂತಿಯ ಡಿಸ್ಕು ಗೂಡಿಗೆ ಬಂದಾಗ ಯಂತ್ರ ಖಂಡಿತ ಬೇಡ ಎನ್ನುತ್ತಿತ್ತು. ಬೇಡ ಎನ್ನುವ ಬಾಯನ್ನು ನಾನು ಎರಡು ವರ್ಷ ಮೊದಲೇ ಮುಚ್ಚಿದ್ದೆ. ಕಾರ್ಯದರ್ಶಿಗಳ ಪೂಜೆಯಿಂದ ಏನೂ ಹೋಗುತ್ತಿರಲಿಲ್ಲ. ಆ ಸಾಲನ್ನು ಅಂದೇ ತೆಗೆದುಹಾಕಿದೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕಾರ್ಯದರ್ಶಿಗಳ ಬಳಿ ತಪ್ಪಾಯಿತು ಎಂದೆ. ಅವರು ಪರವಾಗಿಲ್ಲ ಎನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ.

ಮಧ್ಯಾಹ್ನ ರಬಕವಿಗೆ ಹೋಗಿ ಕಾಕಾರಿಗೆ ನಾನೇ ಹೇಳಿದೆ. ಕಟ್ಟೆಯ ಮೇಲೆ ಕೂತಿದ್ದರು. ಅಷ್ಟು ಹೊತ್ತಿಗೆ ಅವರಿಗೆ ಬಿಸಿಲು ಎಲ್ಲಿ ನೆರಳು ಎಲ್ಲಿ ಎಂಬುದಷ್ಟೇ ಕಾಣುತ್ತಿತ್ತು.

"ಎಷ್ಟ ಉಳದಾವು?" ಎಂದು ಕೇಳಿದರು.

"ಒಂದೂ ಇಲ್ರಿ."

"ಯಾರ ಕೈ ತಪ್ಪು?"

"ನಂದ್ರಿ ಕಾಕಾ. ಕೈ ತಪ್ಪಲ್ರಿ. ಹಿಂಗಾದ್ರ ಹಿಂಗ ಮಾಡು ಅಂತ ಮೊದಲ ಬರದಿಟ್ಟಿದ್ದೆ. ಅದು ಹಂಗ ಮಾಡ್ತು."

ಬೈಯಲಿ ಎಂದು ಕಾದೆ. ಮೌಸಿಗೆ ಅಷ್ಟು ಬೈದ ಮನುಷ್ಯ ನನಗೆ ಒಂದು ಮಾತೂ ಬೈಯಲಿಲ್ಲ. ಆಮೇಲೆ, "ನಾ ಹೇಳತೇನಿ, ನೀ ತುಂಬತೀ ಏನು?" ಎಂದರು.

ಮರುದಿನದಿಂದ ಕ್ಲಾಸು ಬಂದ್ ಇಟ್ಟು ದಿನವೂ ಬನಹಟ್ಟಿಗೆ ಹೋದೆ. ಕಾಕಾ ನನ್ನ ಪಕ್ಕ ಕೂತು ಕಣ್ಣು ಮುಚ್ಚಿ ಹೇಳುತ್ತಿದ್ದರು, ನಾನು ಪರದೆಯ ಮೇಲೆ ಚೌಕ ತುಂಬುತ್ತಿದ್ದೆ. "ಎರಡ ಮನಿ ತುಂಬು. ಒಂದ ಬಿಡು. ಮೂರ ತುಂಬು." ಮೊದಲ ಹತ್ತಿಪ್ಪತ್ತು ಸಾಲು ಸರಾಗ ಬರುತ್ತಿದ್ದವು. ಬಳ್ಳಿ ತಿರುಗುವ ಜಾಗಕ್ಕೆ ಬಂದ ಕೂಡಲೇ ದನಿ ನಿಲ್ಲುತ್ತಿತ್ತು. ಹಿಂದಿನ ಸಾಲು ಓದಿ ಹೇಳು ಎನ್ನುತ್ತಿದ್ದರು. ಓದುತ್ತಿದ್ದೆ. ಬೆರಳು ಮಡಚುತ್ತಿದ್ದರು, ಬಿಚ್ಚುತ್ತಿದ್ದರು. ಒಂದು ದಿನ ನೆಲದ ಮೇಲೆ ಕಡಲೆಕಾಳು ಸುರುವಿ, ಬೆರಳಿನಿಂದ ಸಾಲು ಜೋಡಿಸಿ ನೋಡಿದರು. ಮಗ್ಗದ ನಡುಕಕ್ಕೆ ಕಾಳುಗಳು ಸರಿದು ಹೋದವು. ನಡುಕವಿಲ್ಲದ ಅವರ ಮನೆಗೆ ಹೋಗಿ ನೋಡೋಣ ಎಂದರೆ ಒಲ್ಲೆ ಎಂದರು.

"ಬಾಯಿಗೆ ಗೊತ್ತಿಲ್ಲ ತಂಗಿ. ಕಣ್ಣಿಗೆ ಗೊತ್ತಿತ್ತು. ಮುಂದಿನ ಮನಿ ಯಾವದು ಅನ್ನೂದು ಹಿಂದಿನ ಮನಿ ನೋಡಿದಾಗ ತಾನ ಹೊಳೀತಿತ್ತು."

ಹತ್ತು ದಿನ ಹೀಗೆ ಕೂತೆವು. ಒಂದು ದಡಿಯನ್ನು ಹೇಗೋ ಕೊನೆಯ ಸಾಲಿನ ತನಕ ತಂದೆವು. ಜೋಳದ ತೆನೆಯ ದಡಿ. ದಡಿಯ ನಕ್ಷೆ ಒಂದು ಗೇಣಿನಷ್ಟಿರುತ್ತದೆ, ಅದೇ ಮತ್ತೆ ಮತ್ತೆ ಬಂದು ಸೀರೆಯುದ್ದಕ್ಕೂ ಹರಿಯಬೇಕು. ಹಾಗಾಗಿ ಕೊನೆಯ ಸಾಲು ಮೊದಲ ಸಾಲಿಗೆ ಹೊಸೆದಂತೆ ಕೂಡಬೇಕು. ಕೂಡದಿದ್ದರೆ ಗೇಣು ಗೇಣಿಗೂ ಬಳ್ಳಿ ಮುರಿಯುತ್ತದೆ. ನಾನು ಪರದೆಯ ಮೇಲೆ ಒಂದರ ಕೆಳಗೆ ಇನ್ನೊಂದು ಪ್ರತಿ ಇಟ್ಟು ನೋಡಿದೆ.

"ಕೂಡೇತೇನು?" ಎಂದರು.

ಕೂಡಿರಲಿಲ್ಲ. ಕೂಡೇತ್ರಿ ಎಂದುಬಿಡಲು ನಾಲಿಗೆ ಎದ್ದಿತ್ತು. ಅವರಿಗೆ ಕಾಣುವುದಿಲ್ಲ, ಬೇರೆ ಯಾರಿಗೂ ಆ ದಡಿ ಗೊತ್ತಿಲ್ಲ. ಬಾಯಿಬಿಟ್ಟು ಚೌಕಗಳನ್ನು ಮತ್ತೊಮ್ಮೆ ಎಣಿಸಿದೆ.

"ಎಷ್ಟ ಮನಿ ತಪ್ಪೇತಿ?"

"ಎರಡ್ರಿ."

"ಎಲ್ಲಿ ತಪ್ಪೇತಿ ಗೊತ್ತಾಗತೈತೇನು?"

"ಇಲ್ರಿ. ನಡುವ ಎಲ್ಲೋ. ನಾ ಸರಿ ಮಾಡತೀನಿ ಕಾಕಾ, ಎರಡ ಮನಿ ಅಲ್ಲೇನ್ರಿ. ತೆನಿ ಸ್ವಲ್ಪ ಸರಿಸಿದ್ರ ಕೂಡತೈತಿ."

ಕಾಕಾ ತಲೆಯಾಡಿಸಿದರು. "ನೀ ಸರಿಸಿದ್ರ ಕೂಡತೈತಿ, ನನಗೂ ಗೊತ್ತೈತಿ. ಆಗ ಅದು ನಿನ್ನ ದಡಿ ಆತು. ಅದನ್ನ ನೇಯ್ದು ನಮ್ಮಪ್ಪಂದು ಅಂತ ಜನಕ್ಕ ಹೇಳೂದು ಬ್ಯಾಡ. ಅಳಿಸು."

"ಇರ್ಲಿ ಬಿಡ್ರಿ ಕಾಕಾ. ಹಂಗ ಇಟ್ಟಿರತೀನಿ. ಮುಂದ ನೆನಪಾದ್ರ..."

"ಆಗೂದಿಲ್ಲ. ಅಳಿಸಬೇ ಯವ್ವಾ."

ಫೈಲಿನ ಮೇಲೆ ಬಾಣ ಒಯ್ದೆ. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ.

"ಅಳಿಸಿದೇನು?"

"ಅಳಿಸಿದೆರಿ."

"ಖರೇನ?"

"ಖರೇರಿ."

ಅವರು ಮೇಜು ಹಿಡಿದು ಎದ್ದು ನನ್ನ ಕಡೆಗೆ ಕೈ ಚಾಚಿದರು. ಕೈ ಹಿಡಿದು ರಬಕವಿಯ ತನಕ ನಡೆಸಿಕೊಂಡು ಹೋದೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಬಂದಾಗ ನಿಂತೆವು, ಹೋದ ಮೇಲೆ ನಡೆದೆವು. ಉಳಿದ ಹದಿನಾರರ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.